ಕಲಶಕ್ಕೆ ನೆಟ್ಟ ಮಸೂರ

"ಕಾಕಾ, ಲೆನ್ಸಿನಾಗ ಏನೂ ಐಬ ಇಲ್ರೀ," ಎಂದು ಅಂಗಡಿಯ ಹುಡುಗ ಚೇತನಕುಮಾರ ಮೂರನೆಯ ಸಲ ಹೇಳಿದ. "ನಿಮ್ಮ ಕಣ್ಣ ಮುಂದ ತೋರಸ್ತೀನಿ, ಬಾಗಿಲ ತನಕ ಬರ್ರಿ."

ಯಾದಗಿರಿಯ ಸ್ಟೇಷನ್ ರಸ್ತೆಯ ಆ ಕ್ಯಾಮೆರಾ ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಮಸೂರ ಮಲಗಿತ್ತು. ಮಡಚಿದರೆ ಗೇಣಿಗೆ ಮಿಕ್ಕಿದ ಉದ್ದ, ಎಳೆದರೆ ಮೊಳಕ್ಕೆ ಸಮೀಪ. ತೂಕ ಎರಡು ಕಿಲೋ. ಅದರ ಪಕ್ಕದಲ್ಲಿ ಸೂಗಪ್ಪನವರು ತಾವು ತೆಗೆದ ಚಿತ್ರಗಳನ್ನು ಸಾಲಾಗಿ ಹರಡಿದ್ದರು. ಶಹಾಪುರದ ಗುಡ್ಡದ ಬಂಡೆ, ಟವರಿನ ಮೇಲಿನ ಹದ್ದು, ಹುಟ್ಟೂರ ಗುಡಿಯ ಗೋಪುರ. ಪ್ರತಿಯೊಂದರ ಅಂಚೂ ಎರಡೆರಡಾಗಿ, ನೀರಿನಲ್ಲಿ ಕಂಡ ನೆರಳಿನಂತೆ ಕದಡಿತ್ತು.

ಚೇತನಕುಮಾರ ಮಸೂರವನ್ನು ಕ್ಯಾಮೆರಾಕ್ಕೆ ಕೂಡಿಸಿ, ಬಾಗಿಲ ಚೌಕಟ್ಟಿಗೆ ಭುಜವನ್ನಾನಿಸಿ ನಿಂತು, ಸ್ಟೇಷನ್ನಿನ ಗಡಿಯಾರದ ಕಡೆಗೆ ಹಿಡಿದ. ಮೂರು ಸಲ ಒತ್ತಿ ಪರದೆಯನ್ನು ತೋರಿಸಿದ. ಗಡಿಯಾರದ ಅಂಕಿಗಳು ಕೆತ್ತಿದಂತೆ ಮೂಡಿದ್ದವು. ಅದರ ಮೇಲೆ ಕುಳಿತ ಪಾರಿವಾಳದ ಕಣ್ಣಿನ ಕೆಂಪು ಉಂಗುರವೂ ಕಾಣುತ್ತಿತ್ತು.

ಸೂಗಪ್ಪನವರು ಪರದೆಯತ್ತ ಬಾಗಿ ನೋಡಿದರು. ಹುಡುಗನ ದೃಷ್ಟಿ ಒಂದು ಗಳಿಗೆ ಅವರ ಬಲಗೈಯ ಮೇಲೆ ನಿಂತು, ಕೂಡಲೇ ಬೇರೆಡೆಗೆ ಸರಿಯಿತು.

"ಭಾಳ ಭಾರ ಅದರಿ ಅದು. ಎಂಥಾವ್ರಿಗೂ ಮೊದಮೊದಲ ಹಿಂಗ ಆಗ್ತದ," ಎಂದು ಅವನು ಮೆಲ್ಲಗೆ ಹೇಳಿ, ಚಿತ್ರಗಳನ್ನು ಜೋಡಿಸಿ ಲಕೋಟೆಯಲ್ಲಿಟ್ಟು ಕೊಟ್ಟ.

ಶಹಾಪುರದ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಪುಷ್ಯಮಾಸದ ಗಾಳಿಗೆ ಹೆದರಿ ಎಲ್ಲರೂ ಕಿಟಕಿಗಳನ್ನು ಮುಚ್ಚಿದ್ದರು. ಮಸೂರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರ್ ಹರಿದು ಕೊಟ್ಟ ಚೀಟಿಯನ್ನು ಬೆರಳ ನಡುವೆ ಹಿಡಿದು ಅವರು ಕುಳಿತಿದ್ದರು. ಚೀಟಿ ಅರಳಿಯ ಎಲೆಯಂತೆ ಅಲುಗುತ್ತಿತ್ತು. ಹಾಳಾದ ರಸ್ತೆ, ಹಳೆಯ ಬಸ್ಸು ಎಂದುಕೊಂಡರು. ಭೀಮಾ ಸೇತುವೆಯ ಮೇಲೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಬಂದು ದಾರಿ ಕಟ್ಟಿದವು. ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಲು ಕೆಳಗಿಳಿದ. ಬಸ್ಸು ನಿಶ್ಚಲವಾಯಿತು. ಕೆಳಗೆ ನದಿ ನಿಶ್ಚಲವಾಗಿತ್ತು. ಸೂಗಪ್ಪನವರ ಬೆರಳ ನಡುವಿನ ಚೀಟಿ ಮಾತ್ರ ಅಲುಗುತ್ತಲೇ ಇತ್ತು.

ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಶಹಾಪುರದಲ್ಲಿ ಸ್ಟುಡಿಯೋ ತೆರೆದು ನಲವತ್ತು ವರ್ಷಗಳಾಗಿದ್ದವು. ಮದುವೆ, ಸೀಮಂತ, ಶಾಲೆಯ ಗುಂಪುಚಿತ್ರ ಎಲ್ಲವನ್ನೂ ತೆಗೆದಿದ್ದರೂ ಸುತ್ತಣ ಸೀಮೆಯಲ್ಲಿ ಅವರ ಹೆಸರು ನಿಂತದ್ದು ಕಲಶಾರೋಹಣದ ಚಿತ್ರಗಳಿಂದ. ಅದನ್ನು ಅವರು ಕಸುಬೆಂದು ಎಣಿಸಿರಲಿಲ್ಲ, ವ್ರತವೆಂದು ನಡೆಸಿಕೊಂಡು ಬಂದಿದ್ದರು. ಹಿಂದಿನ ದಿನ ಉಪವಾಸ, ಬೆಳಗಿನ ಜಾವ ಸ್ನಾನ, ಲಿಂಗಪೂಜೆ. ಅನಂತರ ಸರ್ವೆ ಮರದ ಗಳುಗಳ ಅಟ್ಟಣಿಗೆಯನ್ನೇರಿ ಗೋಪುರದ ನೆತ್ತಿಯ ಬಳಿ ನಿಲ್ಲುವುದು. ಸ್ವಾಮಿಗಳು ಮೂರು ಬಾರಿ ಅಭಿಷೇಕ ಮಾಡಿ ಕಲಶದಿಂದ ಕೈ ತೆಗೆದು ಮುಗಿಯುತ್ತಾರೆ. ಆ ಒಂದು ಕ್ಷಣ ಕಲಶಕ್ಕೆ ಯಾರ ಕೈಯೂ ತಾಗಿರುವುದಿಲ್ಲ. ಅದು ಮೊದಲ ಬಾರಿಗೆ ತಾನಾಗಿ ನಿಂತಿರುತ್ತದೆ. ಮರುಕ್ಷಣವೇ ಹೂಮಾಲೆಗಳ ನೂಕುನುಗ್ಗಲು. ಇಪ್ಪತ್ತೇಳು ಗುಡಿಗಳಲ್ಲಿ ಸೂಗಪ್ಪನವರು ಹಿಡಿದದ್ದು ಆ ಒಂದೇ ಕ್ಷಣವನ್ನು.

ಈಗ ಇಪ್ಪತ್ತೆಂಟನೆಯದು, ಹುಟ್ಟೂರಿನ ಸೋಮೇಶ್ವರ. ಶಿರವಾಳದ ದಾರಿಯ ಆ ಸಣ್ಣ ಊರಿನ ಗೋಪುರ ಅವರ ಅಜ್ಜನ ಕಾಲದಿಂದಲೂ ಅರ್ಧಕ್ಕೆ ನಿಂತಿದ್ದು, ಈ ವರ್ಷವಷ್ಟೇ ಪೂರ್ತಿಯಾಗಿತ್ತು. ಕಲಶವೇರುವುದನ್ನು ಕಾಣಬೇಕೆಂಬ ಆಸೆಯನ್ನು ಇಟ್ಟುಕೊಂಡೇ ತಂದೆ ತೀರಿಹೋಗಿದ್ದರು. ಗುಡಿಯ ಹಿರಿಯ ಸಾಬಣ್ಣ ಮನೆಗೇ ಬಂದು ಹೇಳಿ ಹೋಗಿದ್ದ: "ಫೋಟೋ ಗುಡಿಯಾಗ ಕಾಯಂ ತೂಗತಾವು. ನಿನ್ನ ಹೊರತು ಬ್ಯಾರೆಯವ್ರ ಕೈಯಾಗ ತಗಸೂದಿಲ್ಲ, ಸೂಗಪ್ಪ. ಮತ್ತೊಂದ್ಸಲ ಕಲಶ ಏರಬೇಕಂದ್ರ ನಾನೂ ನೀನೂ ಇರಂಗಿಲ್ಲ."

ಮೊಣಕಾಲು ಅಟ್ಟಣಿಗೆಯನ್ನು ಒಪ್ಪದೆಂದು ತಿಳಿದೇ ಅವರು ಈ ದೂರದ ಮಸೂರವನ್ನು ತಂದದ್ದು. ನೆಲದ ಮೇಲೆ ನಿಂತು ನೆತ್ತಿಯನ್ನು ಮುಟ್ಟಬಹುದೆಂದುಕೊಂಡಿದ್ದರು. ಸಮೀಪದ ಹಳೆಯ ಮಸೂರ ಕೈಯ ಸಣ್ಣ ತಪ್ಪುಗಳನ್ನು ನುಂಗಿಕೊಳ್ಳುತ್ತಿತ್ತು. ಇದು ದೂರವನ್ನು ಎಷ್ಟು ಪಾಲು ಹಿಗ್ಗಿಸುವುದೋ ಕೈಯ ಕಂಪವನ್ನೂ ಅಷ್ಟೇ ಪಾಲು ಹಿಗ್ಗಿಸುತ್ತದೆಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಅದು ತಮ್ಮ ಕೈಯ ವಿಷಯವೆಂಬುದು ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತರು. ಎಡದ ಅಂಗೈಯ ಮೇಲಿನ ಇಷ್ಟಲಿಂಗದಲ್ಲಿ, ಹಿಂದಿನ ದೀಪದ ಬೆಳಕು ಎಂದಿನಂತೆ ಒಂದು ಬಿಂದುವಾಗಿ ಮೂಡಿತು. ಬಿಂದು ನಡುಗುತ್ತಿತ್ತು. ದಸರೆಯಿಂದಲೂ ಹೀಗೆಯೇ. ಗಾಳಿಗೆ ದೀಪ ಅಲುಗುತ್ತದೆಂದು ಅವರು ಮೊದಲು ಕಿಟಕಿ ಮುಚ್ಚಿದ್ದರು. ಆಮೇಲೆ ದೀಪವನ್ನು ಮೂಲೆಗೆ ಸರಿಸಿದ್ದರು. ಬತ್ತಿಯನ್ನು ದಪ್ಪವಾಗಿ ಹೊಸೆದಿದ್ದರು. ಇಂದು ಅವರು ಹಿಂದೆ ತಿರುಗಿ ದೀಪವನ್ನೇ ನೋಡಿದರು. ಜ್ವಾಲೆ ಮೊಗ್ಗಿನಂತೆ ನೆಟ್ಟಗೆ ನಿಂತಿತ್ತು.

ಪೂಜೆ ಮುಗಿಸಿ ಬಂದಾಗ ಹೆಂಡತಿ ಕಸ್ತೂರಿ ಚಹಾ ತಂದಿಟ್ಟಳು. ಲೋಟದಲ್ಲಿ ಅರ್ಧವಷ್ಟೇ ಇತ್ತು. ಸೂಗಪ್ಪನವರು ಅದನ್ನು ಬಹಳ ಹೊತ್ತು ನೋಡಿದರು.

"ಯಾವಾಗಿಂದ ಅರ್ಧಾ ಹಾಕಾಕತ್ತಿ?"

"ಇನ್ನರ್ಧಾ ಆಮ್ಯಾಗ ಕೊಡ್ತೀನಲ್ರೀ. ಬಿಸಿ ಇರ್ತದ ಅಂತ."

"ಕಸ್ತೂರಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಎರಡು ತಿಂಗಳಾತು. ತುಂಬ ಹಾಕಿದ್ರ ಅಂಗಿ ಮ್ಯಾಲ ಚೆಲ್ಕೋತಿದ್ರಿ."

"ಹೇಳಬೇಕಾಗಿತ್ತಲ್ಲ."

"ನೀವ ಹೇಳ್ತೀರಂತ ಕಾದೆ," ಎಂದಳು. "ಕಲಶದ ಕೆಲಸ ಮುಗೀಲಿ, ಕಲಬುರಗಿ ಡಾಕ್ಟರ್ ಕಡಿ ಹೋಗೂಣು. ಈಗ ಕುಡೀರಿ, ಅರ್ಧನೂ ಆರ್ತದ," ಎಂದು ಒಳಗೆ ನಡೆದಳು.

ಭಾನುವಾರ ನಸುಕಿನಲ್ಲಿ ಅವರು ಬೋನಾಳ ಕೆರೆಗೆ ಹೋದರು. ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪಂಚಶೀಲಾ ರಜೆಯ ದಿನ ಅಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಾಳೆಂದು ಅವರಿಗೆ ಗೊತ್ತಿತ್ತು. ಅವಳ ತಂದೆ ತಾಲೂಕು ಕಚೇರಿಯ ಗುಮಾಸ್ತರಾಗಿದ್ದಾಗ ಅವಳ ಕೈಗೆ ಮೊದಲ ಕ್ಯಾಮೆರಾ ಕೊಟ್ಟು, ಹಿಡಿಯುವುದನ್ನು ಕಲಿಸಿದವರು ಸೂಗಪ್ಪನವರೇ.

ಅವಳು ಏರಿಯ ಕಲ್ಲುಕಟ್ಟೆಯ ಮೇಲೆ ದಪ್ಪ ಬಟ್ಟೆಯ ಒಂದು ಪುಟ್ಟ ಚೀಲವನ್ನಿಟ್ಟು, ಅದರ ತಗ್ಗಿನಲ್ಲಿ ಅಂಥದೇ ಉದ್ದನೆಯ ಮಸೂರವನ್ನು ಮಲಗಿಸಿದ್ದಳು.

"ಅಯ್ಯ, ಕಾಕಾ! ಕಡೀಕ ನೀವೂ ಹಕ್ಕಿ ಹಿಡಿಯಾಕ ಬಂದ್ರಿ? ಮದಿವಿ ಮಂದಿ ಸಾಕಾದ್ರೇನು?"

"ಹಕ್ಕಿ ಸುಮ್ಮ ಕೂಡ್ತಾವ. ಮದಿವಿ ಮಂದಿ ಕೂಡಂಗಿಲ್ಲ," ಎಂದು ಅವರು ನಕ್ಕರು. "ಆ ಚೀಲದಾಗ ಏನದ?"

"ಜೋಳಾ ರೀ. ಸ್ಟ್ಯಾಂಡಿಗಿಂತ ಛಲೋ. ನನ್ನ ಸ್ಟ್ಯಾಂಡ್ ಇದರ ಭಾರಕ್ಕ ಮೂತಿ ಬಾಗಸ್ತದ. ಜೋಳಾ ಲೆನ್ಸಿನ ಆಕಾರಕ್ಕ ತಾನ ಕೂಡ್ತದ, ಹೆಂಗ ಹೊಳ್ಳಿಸಿದ್ರ ಹಂಗ ಹೊಳ್ಳತದ."

ಅವರ ಮಸೂರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಪಾಠ ಹೇಳುವ ದನಿ ತಾನಾಗಿ ಬಂದಿತು. "ದೂರದ್ದನ್ನ ಕೊಡ್ತದ, ಅದರ ಬದಲಿ ಬೆಳಕು ಕಸ್ಗೋತದ. ಮೋಡ ಇದ್ರ ಹಳೀ ಲೆನ್ಸಿನಂಗ ದುಡಿಯಂಗಿಲ್ಲ. ತುದಿ ತನಕ ಎಳೀಬ್ಯಾಡ್ರಿ, ಆರನೂರು ಮಿಲಿಮೀಟರಕ್ಕ ಚಿತ್ರ ಮಸಕಾಗ್ತದ. ಐದನೂರಕ್ಕ ನಿಲ್ಸಿ, ಚಿತ್ರದ ಸುತ್ತ ಉಳಿದಿದ್ದು ಮನಿಯಾಗ ಕತ್ತರಿಸಿಕೋರಿ. ಬಿಸಲು ಏರಿದ ಮ್ಯಾಲ ಬ್ಯಾಡ. ನಡುವಿನ ಗಾಳಿನ ಕುಣೀತದ, ಅದಕ್ಕ ಯಾವ ಲೆನ್ಸೂ ಏನೂ ಮಾಡಂಗಿಲ್ಲ."

ನೀರಿನ ನಡುವಿನ ಜಾಲಿಯ ಮೇಲೆ ಬಣ್ಣದ ಕೊಕ್ಕರೆಯೊಂದು ರೆಕ್ಕೆ ತಿದ್ದಿಕೊಳ್ಳುತ್ತಿತ್ತು. ಸೂಗಪ್ಪನವರು ಚೀಲದ ಮೇಲೆ ಮಸೂರವನ್ನಿಟ್ಟು, ಕಣ್ಣಿಟ್ಟು, ಒತ್ತಿದರು. ಮತ್ತೊಮ್ಮೆ. ಮತ್ತೊಮ್ಮೆ. ಮೊದಲಿಗಿಂತ ಎಷ್ಟೋ ಮೇಲು; ಆದರೆ ಬೆರಳು ಗುಂಡಿಯನ್ನು ಮುಟ್ಟುವ ಹೊತ್ತಿಗೆ ಪ್ರತಿಸಲವೂ ಕೊಕ್ಕರೆ ಚೌಕಟ್ಟಿನಲ್ಲಿ ಒಮ್ಮೆ ಕುಪ್ಪಳಿಸುತ್ತಿತ್ತು.

ಪಂಚಶೀಲಾ ಪರದೆಯನ್ನೂ ನೋಡಿದಳು, ಬೆರಳನ್ನೂ ನೋಡಿದಳು.

"ಉಸಿರು ಅರ್ಧಾ ಬಿಟ್ಟು, ನಿಲ್ಸಿ ಒತ್ತಬೇಕಂತ ನೀವ ಹೇಳಿಕೊಟ್ಟಿದ್ರಿ ಕಾಕಾ," ಎಂದಳು ಮೆಲ್ಲಗೆ.

"ಉಸಿರು ಈಗೂ ನಿಲ್ತದವ್ವ," ಎಂದರು ಸೂಗಪ್ಪನವರು. "ಕೈ ನಿಲ್ಲವಲ್ದು."

ಈ ಮಾತನ್ನು ಅವರು ಅದುವರೆಗೆ ಯಾರೊಡನೆಯೂ ಆಡಿರಲಿಲ್ಲ. ಆಡಿದ ಮೇಲೆ ಕೊಕ್ಕರೆ ಹಾರಿಹೋಗುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕುಳಿತರು.

ಕಲಶಾರೋಹಣದ ದಿನ ಸೂರ್ಯೋದಯಕ್ಕೆ ಮುಹೂರ್ತವಿತ್ತು. ಗುಡಿಯ ಎದುರಿನ ಶಾಲೆಯ ಮಾಳಿಗೆಯನ್ನು ಅವರಿಗಾಗಿ ಬಿಡಿಸಿಟ್ಟಿದ್ದರು. ಅದರ ಮೆಟ್ಟಿಲು ಅವರ ಮೊಣಕಾಲು ಸಹಿಸುವಷ್ಟೇ ಎತ್ತರವಿತ್ತು. ಉಪವಾಸದ ಹಗುರ ದೇಹದಲ್ಲಿ, ಹಣೆಯ ವಿಭೂತಿ ಇನ್ನೂ ಆರದೆ, ಅವರು ಮೇಲೇರಿದರು. ಹಿಂದೆ, ಅವರ ಕರೆಗೆ ಬಂದಿದ್ದ ಪಂಚಶೀಲಾ ಬರಿದಾದ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಚೀಲದ ಹೊಲಿಗೆ ಬಿಚ್ಚಿ ಜೋಳವೆಲ್ಲ ದಾರಿಯಲ್ಲಿ ಸುರಿದುಹೋಗಿತ್ತು. ಬಸ್ಸಿನಲ್ಲೇ ಕುಳಿತು ಹೊಲಿದುಕೊಂಡು ಬಂದಿದ್ದಳು.

ಸಾಬಣ್ಣ ಮಾಳಿಗೆಯ ಬಾಯಲ್ಲಿ ನಿಂತಿದ್ದ. "ಟೀಚರ್ರ, ಬುದ್ಧನ ಕಡಿಯವ್ರು ನೀವು. ನಮ್ಮ ಸೋಮೇಶ್ವರನ ಮಾಳಗಿ ಹೆಂಗ ಏರಿದ್ರಿ?" ಎಂದ. ದನಿಯಲ್ಲಿ ನಗೆಯೂ ಇತ್ತು, ಅಳೆದು ನೋಡುವ ಭಾವವೂ ಇತ್ತು.

"ಶಾಲಿ ಮಾಳಗಿ ರೀ ಇದು, ಸರಕಾರದ್ದು," ಎಂದಳು ಅವಳು. "ಈ ಕ್ಯಾಮೆರಾಕ್ಕೂ ಲಿಂಗಧಾರಣಿ ಆಗಿಲ್ಲ. ಅದನ್ನೂ ಕೆಳಗ ಇಳಸ್ತೀರೇನು?"

ಸಾಬಣ್ಣ ಗಟ್ಟಿಯಾಗಿ ನಕ್ಕ. ಸೂಗಪ್ಪನವರು ನಗಲಿಲ್ಲ. ಬಲಗೈಯನ್ನು ಮುಂದೆ ಚಾಚಿ, ಅವನ ಕಣ್ಣ ಮುಂದೆ ಹಾಗೆಯೇ ಹಿಡಿದರು.

"ನೋಡು, ಸಾಬಣ್ಣ. ಇದು ನಡಗ್ತದ. ಇವತ್ತ ಒತ್ತಾಕಿ ಇಕಿ. ಯಾವಾಗ ಒತ್ತಬೇಕಂತ ಹೇಳಾಂವ ನಾ. ಬ್ಯಾಡ ಅಂದ್ರ ಈಗ ಹೇಳಿಬಿಡು."

ಕೆಳಗೆ ಡೊಳ್ಳು ಬಡಿಯತೊಡಗಿತ್ತು. ಸಾಬಣ್ಣ ಆ ಕೈಯನ್ನು ನೋಡಿದ. ನಗೆ ಅವನ ಮುಖದಿಂದ ನಿಧಾನವಾಗಿ ಇಳಿಯಿತು. ಅದೇ ಕೈ ಅವನ ಮದುವೆಯ ಚಿತ್ರವನ್ನೂ ತೆಗೆದಿತ್ತು.

"ಆ ಖಾಲಿ ಚೀಲಕ್ಕ ಏನ ಬೇಕು?" ಎಂದು ಕೇಳಿದ.

"ಜೋಳಾ," ಎಂದಳು ಪಂಚಶೀಲಾ. "ನಾಕು ಸೇರು."

ಅವನು ಬೇರೇನೂ ಹೇಳದೆ ಕೆಳಗಿಳಿದು ಹೋದ. ಕಲಶದ ಹೊಟ್ಟೆಗೆ ಧಾನ್ಯ ತುಂಬಿ ಉಳಿದಿದ್ದ ಜೋಳದ ಬುಟ್ಟಿಯನ್ನು ತಾನೇ ಹೊತ್ತು ತಂದ. ಹಣೆಗೊತ್ತಿಕೊಂಡು ಅವಳ ಚೀಲಕ್ಕೆ ಸುರಿದ.

ಮಾಳಿಗೆಯ ಕಟ್ಟೆಯ ಮೇಲೆ ಚೀಲ, ಚೀಲದ ಮೇಲೆ ಮಸೂರ. ಬೆಳಕು ಇನ್ನೂ ಬೂದಿಬಣ್ಣದ್ದಾಗಿತ್ತು. ಪಂಚಶೀಲಾ ಐದುನೂರಕ್ಕೆ ನಿಲ್ಲಿಸಿಕೊಂಡು, "ಬೆಳಕು ಸಾಲವಲ್ದು ಕಾಕಾ," ಎಂದು ಪಿಸುಗುಟ್ಟಿದಳು.

"ಬರ್ತದ. ಮೂರನೇ ಅಭಿಷೇಕಕ್ಕ ಬಿಸಲು ಗೋಪುರದ ನೆತ್ತಿಗೆ ತಾಗ್ತದ. ಸ್ವಾಮಿಗಳು ಅದನ್ನ ನೋಡೇ ಮಾಡ್ತಾರ."

ತಾಮ್ರದ ಕಲಶ ಹಗ್ಗದಲ್ಲಿ ತೂಗುತ್ತ ಮೇಲೇರಿತು. ಅದು ಏರಿದಂತೆ ಮಸೂರವೂ ಜೋಳದ ತಗ್ಗಿನಲ್ಲಿ ಸದ್ದಿಲ್ಲದೆ ಮೇಲೆ ಹೊರಳಿತು. ಮೊದಲ ಅಭಿಷೇಕ. ಎರಡನೆಯದು. ಪಂಚಶೀಲಾಳ ಬೆರಳು ಅವಸರಪಟ್ಟು ಬಾಗಿತು.

"ತಡಿ," ಎಂದರು ಸೂಗಪ್ಪನವರು. "ಹಕ್ಕಿ ಇನ್ನೂ ಕುಂತದ. ಸ್ವಾಮಿಗಳ ಕೈ ಕಲಶ ಬಿಟ್ಟಿಲ್ಲ."

ನಲವತ್ತು ವರ್ಷ ಗಾಜಿನ ಹಿಂದಿನಿಂದ ಕಂಡದ್ದನ್ನು ಅವರು ಬರಿಗಣ್ಣಿನಿಂದ ನೋಡುತ್ತಿದ್ದರು. ದೂರದಲ್ಲಿ ಎಲ್ಲವೂ ಚಿಕ್ಕದಾಗಿತ್ತು: ಕಾವಿಯ ಒಂದು ತುಣುಕು, ತಾಮ್ರದ ಒಂದು ಬೆರಳು, ಅದರ ಹಿಂದೆ ಪಡುವಣದ ಅಷ್ಟೂ ಆಕಾಶ. ಮೂರನೆಯ ತಂಬಿಗೆ ಬಾಗಿತು. ಬಿಸಿಲು ತಾಗಿತು. ಕಾವಿಯ ತುಣುಕು ಹಿಂದೆ ಸರಿಯಿತು.

"ಈಗ."

ಒಂದೇ ಸದ್ದು. ಬೆನ್ನಿಗೇ ಊರೆಲ್ಲ "ಹರ ಹರ ಮಹಾದೇವ" ಎಂದಿತು.

ಪಂಚಶೀಲಾ ಪರದೆಯನ್ನು ಅವರತ್ತ ತಿರುಗಿಸಿ ಹಿಡಿದಳು. ಹನಿಗಳು ಕಲಶದ ಕೊರಳಲ್ಲಿ ಒಂದೊಂದಾಗಿ ನಿಂತಿದ್ದವು. ಸ್ವಾಮಿಗಳ ಎರಡು ಹಸ್ತಗಳು ಅದರಿಂದ ಒಂದಂಗುಲ ದೂರದಲ್ಲಿದ್ದವು. ಸೂಗಪ್ಪನವರು ನೋಡಿ ತಲೆದೂಗಿ, ಅವಳ ತಲೆಯ ಮೇಲೊಮ್ಮೆ ಕೈಯಿಟ್ಟರು. ಸಾಬಣ್ಣ ಇಣುಕಿ ನೋಡಿ, "ಚಿತ್ರದ ಕೆಳಗ ಯಾರ ಹೆಸರು ಬರಸೂದು?" ಎಂದು ಕೇಳಿದ.

"ಒತ್ತಿದಾಕಿದು," ಎಂದರು.

"ಇಬ್ಬರದೂ," ಎಂದಳು ಅವಳು.

ಮಸೂರವನ್ನು ಎತ್ತಿಕೊಂಡ ಮೇಲೆಯೂ ಚೀಲದಲ್ಲಿ ಅದರ ತಗ್ಗು ಹಾಗೆಯೇ ಉಳಿದಿತ್ತು.

ಮರುದಿನ ಶಹಾಪುರದ ಮನೆಯಲ್ಲಿ ಸೂಗಪ್ಪನವರು ಪೂಜೆಗೆ ಕುಳಿತಾಗ ಕಸ್ತೂರಿ ರೂಢಿಯಂತೆ ಕಿಟಕಿ ಮುಚ್ಚಲು ಬಂದಳು.

"ಇರಲಿ ಬಿಡು," ಎಂದರು.

ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಒಳಗೆ ಬಂದಿತು. ಅವರು ಲಿಂಗವನ್ನು ಅಂಗೈಯ ಮೇಲಿಟ್ಟು ದೃಷ್ಟಿಯನ್ನು ನಿಲ್ಲಿಸಿದರು. ಕರಿಯ ಕಾಂತಿಯ ನಡುವೆ ಬೆಳಕಿನ ಬಿಂದು ಮೂಡಿ, ನಡುಗುತ್ತ ನಿಂತಿತು. ಅವರು ರೆಪ್ಪೆ ಬಡಿಯದೆ ಅದನ್ನು ನೋಡುತ್ತ ಕುಳಿತರು.