ಬಿಸಿಯಾದ ಮೇಲೆ

"ಹಾಕಿ... ತೆಗೀರಿ... ಮತ್ತೆ ಹಾಕಿ," ಎಂದು ಮೇಸ್ತ್ರಿ ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡೇ ಕೂಗಿದ.

ಶೆಡ್ಡಿನ ಶಟರನ್ನು ಮುಕ್ಕಾಲು ಎಳೆದಿದ್ದರಿಂದ ಒಳಗೆ ಹಗಲಿನಲ್ಲೂ ಮಬ್ಬು. ಕಾರಿನ ಮುಂದಿನ ಮಸಿ ಹಿಡಿದ ಗೋಡೆಯ ಮೇಲೆ ಎರಡು ಹಳದಿ ವೃತ್ತಗಳು ಮೂಡಿದವು, ಮಾಯವಾದವು, ಮತ್ತೆ ಮೂಡಿದವು. ಒಮ್ಮೆಯೂ ತಪ್ಪಲಿಲ್ಲ.

"ಇದು ಹಲ್ಲುನೋವಿನ ಜಾತಿ ಸಾರ್. ಡಾಕ್ಟರ ಬಾಗಿಲು ಕಂಡ ಕೂಡ್ಲೇ ಮಾಯ."

ಸ್ಟೀರಿಂಗಿನ ಮುಂದೆ ಕೂತಿದ್ದ ಕಾರಿನ ಯಜಮಾನ ನಗಲಿಲ್ಲ. "ಹೋಗುತ್ತೆ ಮೇಸ್ತ್ರಿ. ಓಡ್ತಾ ಓಡ್ತಾ ಎರಡೂ ಲೈಟು ಒಟ್ಟಿಗೆ ಹೋಗ್ಬಿಡುತ್ತೆ. ನಾನೇನು ಸುಳ್ಳು ಹೇಳ್ತೀನಾ?" ಮಾತು ಮೇಸ್ತ್ರಿಗಾದರೂ ಅವನ ಕಣ್ಣು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನ ಕಡೆಗಿತ್ತು.

ಹೋದ ತಿಂಗಳು ಅವಳ ಮನೆಯಂಗಳದಲ್ಲೇ ಅವಳ ಗಂಡ ಈ ಕಾರಿಗೆ ಸಿಕ್ಕಿ ಸತ್ತಿದ್ದ. ಅವತ್ತು ರಾತ್ರಿ ಊಟಕ್ಕೆ ಕೂತಲ್ಲಿ ಭಾವ ಮೈದುನರಿಗೆ ಮಾತಿಗೆ ಮಾತು ಬೆಳೆದು, "ಇನ್ಮೇಲೆ ಈ ಹೊಸಿಲು ತುಳೀಬೇಡ" ಎಂದು ಭಾವ ಕೈತೊಳೆದು ಎದ್ದಿದ್ದ. ಎದ್ದವನು ತಾನೇ ಗೇಟು ತೆಗೆಯಲು ಹೋಗಿದ್ದ. ಬಿರಬಿರನೆ ಹೋಗಿ ಕಾರು ಹತ್ತಿದ ತಮ್ಮ, ಲೈಟು ಹೋಯಿತು, ಭಾವ ಕಾಣಲಿಲ್ಲ ಎಂದು ಪೊಲೀಸರಿಗೂ ಹೇಳಿದ, ನೆಂಟರಿಷ್ಟರಿಗೂ ಹೇಳಿದ. "ಹೋಗಿದ್ದು ಲೈಟಲ್ಲ, ಅವನ ಬುದ್ಧಿ," ಎಂದಿದ್ದಳು ಸತ್ತವನ ತಾಯಿ. ಅಕ್ಕ ಮಾತ್ರ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಹೆತ್ತ ತಾಯಿ ಸತ್ತ ಮೇಲೆ ತಮ್ಮನಿಗೆ ಉಣಿಸಿ ತೊಡಿಸಿ ದೊಡ್ಡವನನ್ನು ಮಾಡಿದವಳು ಅವಳೇ. ಕಾರನ್ನು ರಿಪೇರಿಗೆ ಒಯ್ಯುತ್ತೇನೆ ಎಂದು ಅವನು ಹೇಳಿದಾಗ "ನಾನೂ ಬರ್ತೀನಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ್ದಳು.

ಮೇಸ್ತ್ರಿ ಫ್ಯೂಸು ಕಿತ್ತು ನೋಡಿದ. ವೈರುಗಳ ಕಟ್ಟನ್ನು ಹಿಡಿದು ಜಗ್ಗಾಡಿದ. ಕಾರಿನ ತಗಡಿಗೆ ಬಿಗಿದಿದ್ದ ಅರ್ತ್ ವೈರಿನ ತುದಿ ಬಿಚ್ಚಿ ಉಪ್ಪುಕಾಗದದಿಂದ ತಿಕ್ಕುತ್ತ, "ಅರ್ತ್ ಸರಿಯಿಲ್ದಿದ್ರೆ ಯಾವುದಕ್ಕೂ ಅರ್ಥ ಇರಲ್ಲಮ್ಮಾ," ಎಂದು ತನ್ನ ಮಾತಿಗೆ ತಾನೇ ನಕ್ಕ. ಅಕ್ಕ ಅವನ ಕೈಯನ್ನೇ ನೋಡುತ್ತಿದ್ದಳು. ಅಲ್ಲೂ ದೋಷವಿರಲಿಲ್ಲ. ಕೊನೆಗೆ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, "ಉರೀತಾ ಇರ್ಲಿ. ಎಷ್ಟೊತ್ತು ನಾಟಕ ಆಡುತ್ತೋ ನೋಡೇಬಿಡೋಣ," ಎಂದು ಬೇರೊಂದು ಗಾಡಿಯ ಹಾರನ್ನು ಬಿಚ್ಚುತ್ತ ಕೂತ.

ಹಾರನ್ನಿನ ತುಕ್ಕು ಹಿಡಿದ ಸ್ಕ್ರೂಗಳೆಲ್ಲ ಒಂದೊಂದಾಗಿ ಡಬ್ಬಿಯ ಮುಚ್ಚಳಕ್ಕೆ ಬಿದ್ದು, ಮೇಸ್ತ್ರಿ ಒಳಗಿನ ತಗಡನ್ನು ಒರೆಸತೊಡಗಿದಾಗ, ಏನೂ ಸದ್ದಿಲ್ಲದೆ ಗೋಡೆ ಕತ್ತಲಾಯಿತು.

"ನೋಡ್ದ್ಯಾ! ಅಕ್ಕಾ, ನೋಡ್ದ್ಯಾ!" ತಮ್ಮ ಬಾಗಿಲು ತಳ್ಳಿಕೊಂಡು ಇಳಿದ. ಅವನ ದನಿ ಚಿಕ್ಕಂದಿನ ದನಿಯಂತೆ ಒಡೆಯಿತು. ಅಕ್ಕ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. "ಏನೇನೋ ಅಂದ್ಕೊಂಡ್ಬಿಟ್ಟಿದ್ದೆ ಕಣೋ," ಎಂದು ಬೆನ್ನು ಸವರಿದಳು.

ಮೇಸ್ತ್ರಿ ಬಾನೆಟ್ಟಿನೊಳಗಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ರಿಲೇ ಒಂದನ್ನು ಕಿತ್ತು ಅಂಗೈ ಬದಲಿಸುತ್ತ ಊದಿದ. "ಸಿಕ್ಕಿಬಿದ್ದ ಕಳ್ಳ! ಎರಡು ಲೈಟಿಗೂ ಕರೆಂಟು ಇದರೊಳಗಿಂದಲೇ ಹೋಗೋದು. ಒಳಗಡೆ ಬೆಸುಗೆ ಬಿಟ್ಟಿರುತ್ತೆ, ಕೂದಲೆಳೆಯಷ್ಟು. ತಣ್ಣಗಿರೋವಾಗ ಅಂಟ್ಕೊಂಡೇ ಇರುತ್ತೆ. ಬಿಸಿಯಾದ್ಮೇಲೆ ಬಿಡುತ್ತೆ."

ಬೆನ್ನ ಮೇಲಿನ ಕೈ ಅಲ್ಲೇ ನಿಂತಿತು.

"ಬಿಸಿಯಾಗೋಕೆ ಎಷ್ಟೊತ್ತು ಬೇಕು?" ಎಂದಳು ಅಕ್ಕ.

"ಈಗ ನೀವೇ ನೋಡಿದ್ರಲ್ಲಮ್ಮ. ಕಾಲು ಗಂಟೆನಾದ್ರೂ ಉರೀಬೇಕು."

ಕಾರು ಅವತ್ತು ಮಧ್ಯಾಹ್ನದಿಂದ ಅವಳ ಅಂಗಳದಲ್ಲೇ ನಿಂತಿತ್ತು. ಅಲ್ಲಿಂದ ಗೇಟು, ಬಾವಿಯಿಂದ ಒಂದು ಕೊಡ ತರುವಷ್ಟೂ ದೂರವಿಲ್ಲ. ಅವಳು ಕೈ ತೆಗೆದಳು.

"ಒಂದೊಂದ್ಸಲ ಮೊದಲೇ ಹೋಗ್ಬೋದಲ್ವಾ ಮೇಸ್ತ್ರಿ?" ತಮ್ಮ ಕೇಳಿದ. "ಹಾಕಿದ ಕೂಡ್ಲೇ?"

ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿದ. ಹೊಸದಾಗಿ ಬಣ್ಣ ಬಳಿದಿದ್ದ ಬಂಪರನ್ನು ಈಗಷ್ಟೇ ಕಂಡವನಂತೆ ನೋಡಿದ. "ಹೋಗ್ಬೋದು," ಎಂದ ತಗ್ಗಿದ ದನಿಯಲ್ಲಿ. "ಯಂತ್ರ ಅಲ್ವಾ ಸಾರ್, ಹಿಂಗೇ ಅಂತ ಹೇಳೋಕಾಗಲ್ಲ."

"ಹಂಗಾದ್ರೆ ಅದನ್ನ ತಣ್ಣಗೆ ಮಾಡಿ ಇನ್ನೊಂದ್ಸಲ ಹಾಕಿ," ಎಂದಳು ಅಕ್ಕ.

"ಗೊತ್ತಾಯ್ತಲ್ಲಮ್ಮ, ಹೊಸದು ಹಾಕ್ಕೊಟ್ಬಿಡ್ತೀನಿ..."

"ಇದನ್ನೇ ಹಾಕಿ."

ಮೇಸ್ತ್ರಿ ರಿಲೇಯನ್ನು ಟೇಬಲ್ ಫ್ಯಾನಿನ ಮುಂದಿಟ್ಟ. ಆಮೇಲೆ ಮುಟ್ಟಿ ನೋಡಿ, ಅದರ ಜಾಗದಲ್ಲಿ ಕೂರಿಸಿ, ಬಾನೆಟ್ಟು ಮುಚ್ಚಿ ದೂರ ಸರಿದ. ತಮ್ಮ ಹೋಗಿ ಕಾರಿನೊಳಗೆ ಕೂತ. ಅಷ್ಟರಲ್ಲಿ ಅಕ್ಕ ನೆಲದ ಮೇಲೆ ಬಿದ್ದಿದ್ದ ಹಳೇ ಟೈರುಗಳನ್ನು ಸುತ್ತಿಕೊಂಡು ಹೋಗಿ ಗೋಡೆಗೆ ಬೆನ್ನು ಕೊಟ್ಟು ಕಾರಿಗೆ ಎದುರಾಗಿ ನಿಂತಿದ್ದಳು.

"ಅಲ್ಯಾಕೆ ನಿಂತ್ಕೊಂಡೆ? ಈಚೆ ಬಾರೇ."

"ಹಾಕು."

"ಅಕ್ಕಾ..."

"ಹಾಕೋ."

ಅವನು ಸ್ವಿಚ್ಚು ತಿರುಗಿಸಿದ. ಬೆಳಕು ಬಿತ್ತು; ಬಿದ್ದದ್ದು ಕದಲಲಿಲ್ಲ. ಅವಳ ಕಿವಿಯ ಪಕ್ಕದ ನರೆಗೂದಲು ಎಳೆಎಳೆಯಾಗಿ ಕಾಣುತ್ತಿತ್ತು. ಚಪ್ಪಲಿಯ ಹರಿದ ಬಾರಿಗೆ ಹಾಕಿದ್ದ ದಾರವೂ ಕಾಣುತ್ತಿತ್ತು. ಬೆಳಕು ಕಣ್ಣು ಕುಕ್ಕಿ ಅವಳು ಒಂದು ಕೈಯೆತ್ತಿ ಮುಖಕ್ಕೆ ಅಡ್ಡ ಹಿಡಿದಳು.

ಸ್ಟೀರಿಂಗಿನ ಹಿಂದೆ ತಮ್ಮ ಸಟ್ಟನೆ ಕಣ್ಣು ಮುಚ್ಚಿಕೊಂಡ.