ಗಡಿಕಲ್ಲಿನ ಕೆಳಗಿನ ಬಶಿ

ನಾ ಶಾಂತವೀರಪ್ಪ. ಧಾರವಾಡ ಜಿಲ್ಲಾದಾಗ ಮೂವತ್ತಾರು ವರ್ಷ ಸರ್ವೇಯರ್ ಆಗಿ ಹೊಲ ಅಳದಾಂವ. ಈಗ ಮೆಲ್ಬರ್ನಿನ ವೆರಿಬೀದಾಗ ಹೆಂಡ್ತಿ ಜೊತಿ ಮಗಳು ಪಲ್ಲವಿ ಮನ್ಯಾಗ ಇರತೇನಿ. ಇಲ್ಲಿ ಅಳೀಲಿಕ್ಕೆ ಏನೂ ಉಳದಿಲ್ಲ. ಸಿಟ್ಟು ಮಾತ್ರ ಹಂಗ ಉಳದದ.

ಬಾಜೂ ಮನ್ಯಾಗ ಗೇಬ್ರಿಯಲ್ ಅಂತ ಇದ್ದ. ನಲವತ್ತರ ಆಸುಪಾಸು. ಅವನೂ ಸರ್ವೇಯರ್, ಇಲ್ಲಿನ ಹೊಸಾ ಲೇಔಟ್ ಅಳಿಯಾಂವ. ಅವನ ದೇಶದ ಹೆಸರು ಹೇಳಂಗಿಲ್ಲ, ಅವನ ಮಂದಿ ಇನ್ನೂ ಅಲ್ಲೇ ಇದ್ದಾರ. ಹುಟ್ಟಿ ಇಪ್ಪತ್ತು ವರ್ಷ ಸುದ್ಧಾ ಆಗಿಲ್ಲದ ದೇಶ, ಸುತ್ತೂ ಕಡೆ ಹಗೆ. ಒಬ್ಬಾಂವ ಹೊಳಿ ನೀರು ತಡೀತಾನ, ಒಬ್ಬಾಂವ ರಸ್ತೆ ಬಂದ್ ಮಾಡತಾನ. ಉತ್ತರದಾಂವ ಗಡಿಕಲ್ಲ ಕಿತ್ತು ತನಗ ಬೇಕಾದಲ್ಲೆ ನೆಡತಾನ.

ಒಂದು ಸಂಜಿ ಬಂದು, "ಅಂಕಲ್, ಕೆಲಸ ಬಿಟ್ಟೆ. ನಮ್ಮ ದೇಶದ ಗಡಿ ಅಳೀಲಿಕ್ಕೆ ಹೋಗತೇನಿ" ಅಂದ.

ನನಗ ಸಿಟ್ಟು ನೆತ್ತಿಗೇರಿತು. "ತಲಿ ಕೆಟ್ಟದೇನೋ? ಅಲ್ಲೆ ಗುಂಡು ಹಾರತಾವ!"

"ಗಡಿ ಅಳಿಯೋದು ಗೊತ್ತಿದ್ದೋರು ನಮ್ಮಲ್ಲಿ ಏಳ ಮಂದಿ ಇದ್ದಾರ ಅಂಕಲ್. ನಾ ಹೋದ್ರ ಎಂಟು."

ಚಹಾ ಕೊಟ್ಟೆ. ನಮ್ಮ ಮನ್ಯಾಗ ಕಪ್ಪಿನ ಕೆಳಗಿನ ಬಶ್ಯಾಗ ಹುಯ್ಕೊಂಡು ಕುಡಿಯೋದು ಕಲತಿದ್ದ.

"ಕಲ್ಲಿನ ಬುಡಕ್ಕ ಏನು ಹಾಕತೀ?" ಅಂತ ಕೇಳಿದೆ.

ನಕ್ಕ. "ಈಗ ಸ್ಯಾಟಲೈಟ್ ಅದ ಅಂಕಲ್."

"ನಿನ್ನ ಸ್ಯಾಟಲೈಟ್ ಒಂದು ಹೇಳತದ, ಅವರದು ಇನ್ನೊಂದು ಹೇಳತದ. ಆವಾಗ ಏನ್ ಮಾಡತೀ?"

ನಮ್ಮ ಹಳೇ ಪದ್ಧತಿ ತಿಳಿಸಿ ಹೇಳಿದೆ. ಕಲ್ಲು ನಿಲ್ಲಸೋಕಿಂತ ಮೊದಲ ತೆಗ್ಗಿನ್ಯಾಗ ಇದ್ದಲಿ ಹಾಕಬೇಕು. ಕಲ್ಲು ಕಿತ್ತಾಂವಗ ಅದು ಇರೋದು ಗೊತ್ತಿರಂಗಿಲ್ಲ, ಎಷ್ಟು ವರ್ಷ ಆದರೂ ಅದು ಕೊಳಿಯಂಗೂ ಇಲ್ಲ; ಅಗದ್ರ ಕಲ್ಲಿನ ಖರೇ ಜಾಗ ಸಿಗತದ. ನಾ ಒಮ್ಮೆ, ಒಂದ ಸಲ, ಬಸ್ಸು ತಪ್ಪತದ ಅಂತ ಇದ್ದಲಿ ಹಾಕದ ಕಲ್ಲು ಹುಗದು ಬಂದೆ. ಆ ಕಲ್ಲು ಸರೀತು. ಎರಡು ವರ್ಷಕ್ಕ ಅದ ಬದುವಿನ ಮ್ಯಾಲೆ ಅಣ್ಣ ತಮ್ಮನ್ನ ಕೊಡಲೀಲೆ ಕಡದ. ಇದನ್ನ ನಮ್ಮಾಕಿಗೂ ಹೇಳಿದ್ದಿಲ್ಲ, ಅವಂಗ ಹೇಳಿದೆ.

ಅಂವ ಬಶ್ಯಾಗಿನ ಚಹಾ ಮುಗಿಸಿ, "ಇದ್ದಲಿ ಯಾರು ಬೇಕಾದರೂ ಹುಗೀಬಹುದಲ್ಲ?" ಅಂದ. ಶ್ಯಾಣ್ಯಾ! ಅದಕ್ಕ ನಮ್ಮ ಹಿರೀ ಸರ್ವೇಯರ್ ಒಬ್ಬರು ನನಗ ಒಂದು ಉಪಾಯ ಕಲಿಸಿದ್ದರು. ಮಡಿಕಿ ಒಡದು ಒಂದು ತುಂಡು ಇದ್ದಲಿ ಜೊತಿ ಹುಗೀಬೇಕು, ಅದಕ್ಕ ಕೂಡೋ ತುಂಡು ಎರಡೂ ಕಡೆಯವರಲ್ಲದ ಮೂರನೇದವರ ಮನ್ಯಾಗ ಇಡಬೇಕು. ಅವನ ಕೈಯಾಗಿನ ನೀಲಿ ಹೂವಿನ ಬಶಿ ಕಸಗೊಂಡು ಕಟ್ಟಿ ಮ್ಯಾಲೆ ಬಡದೆ. ಎರಡು ತುಂಡಾತು. ಅರ್ಧ ಅವನ ಚೀಲಕ್ಕ, ಅರ್ಧ ನನ್ನ ಟ್ರಂಕಿಗೆ. ಹೊಸಾ ಸೆಟ್ ಹಾಳ ಮಾಡಿದ್ರಿ ಅಂತ ನಮ್ಮಾಕಿ ಶಿವಲಿಂಗವ್ವ ಒಂದು ವಾರ ಬೈದ್ಲು.

ಅಂವ ಹ್ವಾದ. ಹೆಂಡ್ತಿ ಆಗ್ನೆಸ್ ಸಿಡ್ನಿಯೊಳಗ ನರ್ಸ್ ಕೆಲಸ ಹಿಡದು, ವೆಸ್ಟ್‌ಮೀಡ್ ಸ್ಟೇಷನ್ ಹತ್ರ ಬಾಡಿಗಿ ಫ್ಲ್ಯಾಟಿಗೆ ಹೋದ್ಲು. ಎರಡು ವರ್ಷದಾಗ ಅಂವ ಅರವತ್ತೊಂದು ಕಲ್ಲು ನಿಲ್ಲಿಸಿದ. ಕಡೀದು ಅವನ ಹುಟ್ಟಿದೂರಿನ ಮುಂದ. "ಅದರ ಬುಡಕ್ಕ ನಿಮ್ಮ ಬಶಿ ಹಾಕೇನಿ ಅಂಕಲ್" ಅಂತ ಫೋನ್ ಮಾಡಿದ್ದ. ಹದಿನೆಂಟ ದಿನಕ್ಕ ಉತ್ತರದವರು ಅಲ್ಲೇ ಗುಂಡು ಹೊಡದು ಅವನ್ನ ಕೊಂದ್ರು. ಊರವರು ಕಲ್ಲಿನಿಂದ ನಲವತ್ತು ಹೆಜ್ಜಿ ತಮ್ಮ ನೆಲದ ಒಳಗ ಅವನ್ನ ಮಣ್ಣು ಮಾಡಿದ್ರು.

ಹೋದ ಜುಲೈದಾಗ ಆಗ್ನೆಸ್ ಫೋನ್ ಬಂತು. ಉತ್ತರದವರು ಆ ಕಲ್ಲು ಕಿತ್ತು ಊರಿನ ಈಚಿ ಕಡೆ ನೆಟ್ಟಿದ್ರು. "ಊರೂ ಹೋಗತದ, ಅವನ ಗೋರೀನೂ ಹೋಗತದ ಅಂಕಲ್. ಕೊಂದವರ ನೆಲದಾಗ ಮಲಗಬೇಕೇನು ಅಂವ?" ಅಂತ ಅತ್ತಳು. ಎರಡೂ ದೇಶ ಒಪ್ಪಿದ ಪಂಚರು ಹಳೇ ಜಾಗ ಅಗದಿದ್ರು. ಇದ್ದಲಿ, ಅರ್ಧ ಬಶಿ, ಎರಡೂ ಸಿಕ್ಕಿದ್ವು. ಇನ್ನರ್ಧ ಇಂಥವರ ಹತ್ರ ಅದ ಅಂತ ಗೇಬ್ರಿಯಲ್ ತನ್ನ ಅಳತಿ ವಹಿಯೊಳಗ ನನ್ನ ಹೆಸರು, ವೆರಿಬೀ ವಿಳಾಸ ಬರದಿದ್ದ. ತುಂಡು ಕೂಡಿದ್ರ ಕಲ್ಲು ಮೊದಲಿನ ಜಾಗಕ್ಕ. ಇಲ್ಲಂದ್ರ ಉತ್ತರದವರು ಹೇಳಿದ್ದ ಖರೆ. ಪಂಚರ ಕಡೆಯವರು ಆ ತುಂಡು ತಗೊಂಡು ಸೋಮವಾರ ಸಿಡ್ನಿಗೆ, ಆಗ್ನೆಸ್ ಮನಿಗೆ ಬರೋರಿದ್ರು.

ಟ್ರಂಕ್ ತಗದೆ. ಬಶಿ ಇಲ್ಲ.

ಮನಿ ತುಂಬ ಚೀರಾಡಿದೆ. ಪಲ್ಲವಿ ಪಾಪ, ಗ್ಯಾರೇಜಿನ ಸಾಮಾನೆಲ್ಲಾ ಕಿತ್ತು ಹುಡಕಿದ್ಲು. ಶಿವಲಿಂಗವ್ವ ಬಾಗಲಾಗ ನಿಂತು, "ಒಡಕ ಸಾಮಾನು ಮನ್ಯಾಗ ಇರಬಾರದು ಅಂತ ನಾನ ತಗದೆ" ಅಂದ್ಲು.

"ಒಗದ್ಯಾ?"

"ಒಗೀಲಿಲ್ಲ. ಕರಿಬೇವಿನ ಕುಂಡದ ತಳದ ತೂತಿಗೆ ಒಳಗಿಂದ ಮುಚ್ಚೇನಿ."

ಆ ಗಿಡದ ಸುದ್ದಿ ನಿಮಗ ಏನು ಗೊತ್ತು! ಬೀಜದಿಂದ ಎಬ್ಬಿಸಿದ್ದು. ಮೆಲ್ಬರ್ನಿನ ಥಂಡಿಗೆ ಸಾಯಬಾರದು ಅಂತ ತನ್ನ ಕೌದಿ ಹೊಚ್ಚಿ ಮೂರು ಚಳಿಗಾಲ ಕಾದಿದ್ಲು. ನಡು ಜುಲೈದಾಗ, ಇಲ್ಲಿನ ಕಡು ಚಳಿಯೊಳಗ, ಬೇರು ಅಲಗಾಡಿಸಿದ್ರ ಅದು ಉಳಿಯಂಗಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟು ಚೀರಾಡಿದಾಂವ ನಾ, ಕುಂಡದ ಮುಂದ ನಿಂತಾಗ ಕೈ ಏಳಲಿಲ್ಲ.

"ಏನು ನೋಡಕೋತ ನಿಂತೀರಿ? ಸರೀರಿ ಅತ್ಲಾಗ" ಅಂದಾಕಿನ ಕುಂಡ ಅಡ್ಡ ಕೆಡವಿ, ಬೊಡ್ಡಿ ಹಿಡದು ಜಗ್ಗಿದ್ಲು. ಬೇರು ಬಶಿ ಸುತ್ತ ಬಿಗದಿದ್ವು. ಕತ್ತರಿ ತಂದು ಒಂದೊಂದ ಕತ್ತರಿಸಿದ್ಲು. ಆಕಿ ಅಳಲಿಲ್ಲ, ನಾ ಅತ್ತೆ. ನಾವು ವಿಮಾನ ಹತ್ತೋ ದಿನ ಎಲಿ ಎಲ್ಲಾ ಜೋತಬಿದ್ದಿದ್ವು.

ಬಶಿ ಅರಿವ್ಯಾಗ ಸುತ್ತಿ ತೊಡಿ ಮ್ಯಾಲೆ ಇಟಗೊಂಡ ಆಕಿ ಸಿಡ್ನಿ ತನಕ ಕುಂತಿದ್ಲು. ವೆಸ್ಟ್‌ಮೀಡಿನ ಸಣ್ಣ ಫ್ಲ್ಯಾಟಿನ್ಯಾಗ ಪಂಚರ ಕಡೆಯಿಂದ ಬಂದ ಹೆಣ್ಮಗಳು ಸೀಲ್ ಒಡದು ಅಲ್ಲಿನ ತುಂಡು ಮೇಜಿನ ಮ್ಯಾಲಿಟ್ಲು. ಅದಕ್ಕ ಕೆಂಪು ಮಣ್ಣು ಹತ್ತಿತ್ತು, ನಮ್ಮದಕ್ಕ ಬೇರಿನ ಗೆರಿ ಇದ್ವು. ಶಿವಲಿಂಗವ್ವ ಎರಡೂ ಸರಿಸಿ ಕೂಡಿಸಿದ್ಲು. ನೀಲಿ ಹೂವು ಪೂರಾ ಆತು. ಆ ಹೆಣ್ಮಗಳು ಫೋಟೋ ತಗೊಂಡು, ಸಹಿ ಹಾಕಿಸಿಕೊಂಡು, "ಕಲ್ಲು ತನ್ನ ಜಾಗಕ್ಕ ಹೋಗತದ" ಅಂದ್ಲು.

ಆಗ್ನೆಸ್ ಆ ಬಶಿ ಮುಟ್ಟಲಿಲ್ಲ. ನನ್ನ ಮಾರಿ ನೋಡಿ ಮೆಲ್ಲಗ ಕೇಳಿದ್ಲು: "ಅಂಕಲ್, ಅಂವ ತನ್ನ ದೇಶದಾಗ ಇದ್ದಾನಲ್ಲ?"

"ನಲವತ್ತು ಹೆಜ್ಜಿ ಒಳಗ ಇದ್ದಾನವ್ವ" ಅಂದೆ.