ಗೆಜ್ಜೆ ಚೆಂಡು

ದರ್ಜಿಯ ಮನೆಗೆ ದೊಡ್ಡ ಮಗಳನ್ನು ನೋಡಲು ಯಾರಾದರೂ ಬಂದರೆ ಚಿಕ್ಕ ಮಗಳು ಬಟ್ಟೆ ಗಂಟುಗಳ ಕೋಣೆ ಸೇರಬೇಕು. ಅವಳು ಹುಟ್ಟುಕುರುಡಿ. ಒಳಗೆ ಕೆಮ್ಮುವಂತಿಲ್ಲ, ಸೀನುವಂತಿಲ್ಲ. “ಮನೇಲೊಂದು ಕುರುಡು ಅಂತ ಗೊತ್ತಾದ್ರೆ ಅಕ್ಕನ್ನ ಯಾರು ಮಾಡ್ಕೋತಾರೆ?” ಎಂದು ಅಜ್ಜಿಯ ಹಟ. ಇನ್ನೂ ಎಷ್ಟು ಮನೆಗಳಲ್ಲಿ ಹೀಗೆ ಜೀವಂತ ಮಕ್ಕಳನ್ನು ಬಾಗಿಲ ಹಿಂದೆ ಹೂತಿಟ್ಟಿದ್ದೇವೋ!

ಕೋಣೆಯೊಳಗೆ ತಂಗಿಗೆ ಹೊಟ್ಟೆ ಉರಿಯುತ್ತಿತ್ತು. ಅಕ್ಕನ ಹೊಸ ಬಟ್ಟೆಯ ಸರಬರಕ್ಕೆ, ಬಂದವರು ಅವಳನ್ನು ಹೊಗಳುವುದಕ್ಕೆ. ಶಾಲೆಯಲ್ಲೂ ಅದೇ ಉರಿ. ಓಟದಲ್ಲಿ ಇವಳೇ ಮುಂದು, ಆದರೆ ಇವಳ ಕೈಗೂ ತನ್ನ ಕೈಗೂ ದಾರ ಕಟ್ಟಿಕೊಂಡು ದಾರಿ ತೋರಲು ಜೊತೆಗೆ ಓಡುವ, ಕಣ್ಣಿರುವ ಗೆಳತಿಗೇ ಚಪ್ಪಾಳೆ. “ಪಾಪ, ಎಷ್ಟು ಜೋಪಾನವಾಗಿ ಕರ್ಕೊಂಡು ಬಂದ್ಲು!” ಎನ್ನುವರು.

ಒಂದು ದಿನ ಆಟದ ಮೇಷ್ಟ್ರು ಒಳಗೆ ಗೆಜ್ಜೆಯಿರುವ ಚೆಂಡು ತಂದರು. ಆಡುವವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಉರುಳಿ ಬರುವ ಚೆಂಡನ್ನು ಸದ್ದಿನ ಮೇಲೆಯೇ ಮೈಯೊಡ್ಡಿ ತಡೆಯಬೇಕು. ಗೆಳತಿಯೂ ಪಟ್ಟಿ ಕಟ್ಟಿಕೊಂಡಳು. ಚೆಂಡು ಎತ್ತಲೋ, ಅವಳು ಎತ್ತಲೋ. ದರ್ಜಿಯ ಮಗಳು ಮಾತ್ರ ಒಂದನ್ನೂ ಬಿಡಲಿಲ್ಲ.

“ನಿಂಗೇನೇ, ಮೈಯೆಲ್ಲ ಕಿವಿ!” ಎಂದು ಗೆಳತಿ ಮುಖ ಊದಿಸಿಕೊಂಡಳು. ತನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಡುವುದು ದರ್ಜಿಯ ಮಗಳಿಗೆ ಬಲು ಸಿಹಿಯಾಗಿತ್ತು.

ಮೊದಲ ಪಂದ್ಯದ ದಿನವೇ ಅಕ್ಕನನ್ನು ನೋಡುವವರೂ ಬರುವುದಿತ್ತು.

“ಆಟ ಹಾಳಾಗ್ಲಿ, ಅಕ್ಕನ ಬಾಳು ನೋಡು,” ಎಂದಳು ಅಜ್ಜಿ.

“ನನ್ನ ಬಾಳು ಯಾರು ನೋಡ್ತಾರಜ್ಜಿ? ನಾನಿಲ್ಲ ಅಂತ ಸುಳ್ಳು ಹೇಳಿ ಮದುವೆ ಮಾಡಿದ್ರೆ ಆಮೇಲೆ ಗೊತ್ತಾಗಲ್ವಾ?”

ಅಪ್ಪ ಅವಳನ್ನು ಕೋಣೆಯೊಳಗೆ ದೂಡಿ ಚಿಲಕ ಹಾಕಿದ.

“ಒಬ್ಬಳೇ ಮಗಳಾ?” ಬಂದು ಕೂತ ಹುಡುಗನ ತಾಯಿ ಕೇಳಿದರು.

“ಹೂಂ,” ಎಂದ ಅಪ್ಪ.

ಒಳಗಿನಿಂದ ಬಾಗಿಲು ದಡದಡ ಬಡಿಯಿತು. “ಇಲಿ ಕಾಟ,” ಎಂದಳು ಅಜ್ಜಿ.

“ಇಲಿಯಲ್ಲ! ನಾನೂ ಈ ಮನೆ ಮಗಳೇ! ಪಂದ್ಯಕ್ಕೆ ಹೊತ್ತಾಯ್ತು, ಬಾಗಿಲು ತೆಗೀರಿ!”

ಬಂದವರು ಮುಖ ಮುಖ ನೋಡಿಕೊಂಡರು. ಅಕ್ಕ ಎದ್ದು ಹೋಗಿ ಚಿಲಕ ತೆಗೆದಳು.

“ನಿನ್ನನ್ನ ಒಳಗೆ ಕೂರಿಸ್ತಾರೆ, ನನ್ನನ್ನ ಇಲ್ಲಿ ಕೂರಿಸ್ತಾರೆ. ನಿಂಗಾದ್ರೂ ಹೋಗೋಕೆ ಒಂದು ಜಾಗ ಸಿಕ್ತು. ಹೊಟ್ಟೆ ಉರೀತಿದೆ ಕಣೇ ನಂಗೆ. ಬಾ, ಕೈ ಹಿಡ್ಕೋ, ಬಿಟ್ಟು ಬರ್ತೀನಿ.”

“ಕೈ ಬೇಡಕ್ಕ, ದಾರಿ ನಂಗೆ ಗೊತ್ತು,” ಎಂದು ತಂಗಿ ಎಲ್ಲರ ನಡುವೆ ಕೋಲು ತಟ್ಟುತ್ತ ನಡೆದಳು. “ಬರೋದಾದ್ರೆ ನನ್ನ ಹಿಂದೆ ಬಾ.”

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟಳು.